ಸುದ್ದಿ ಯಾರ ಸೊತ್ತು?

ವೃತ್ತಪತ್ರಿಕೆಯನ್ನು ಎರವಲು ತಂದು ಓದುವ ಪದ್ಧತಿಯು ಕನ್ನಡ ನಾಡಿನಲ್ಲಿ ವೃತ್ತಪತ್ರಿಕೆಯಷ್ಟೇ ಹಳೆಯದೆಂದರೆ ಅತಿಶಯೋಕ್ತಿಯಾಗಲಾರದು. ಒಂದು ವಠಾರದಲ್ಲಿ ಆರು ಸಂಸಾರಗಳಿದ್ದರೆ ಚಂದಾ ಕಟ್ಟುವವರು ಒಬ್ಬರು, ಓದುವವರು ಆರು ಮನೆಯವರು. ಚಂದಾದಾರರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೊದಲ ಪುಟ ಒಂದು ಮನೆಯಲ್ಲಿ, ಆಟದ ಪುಟ ಮತ್ತೊಂದು ಮನೆಯಲ್ಲಿ, ಅವರ ಪಾಲಿಗೆ ಉಳಿದದ್ದು ಮಾರುಕಟ್ಟೆಯ ಧಾರಣೆ! ವಾರಪತ್ರಿಕೆಯ ಗತಿ ಇದಕ್ಕಿಂತ ಭಿನ್ನವಲ್ಲ. ಧಾರಾವಾಹಿಯ ಕಂತಿಗಾಗಿ ಕಾದಿರುವ ಗೃಹಿಣಿಯರ ಕೈಯಿಂದ ಕೈಗೆ ಅದು ಹಾದು, ಮರಳಿ ಮನೆ ಸೇರುವ ಹೊತ್ತಿಗೆ ಮುಖಪುಟವನ್ನು ಕಳೆದುಕೊಂಡಿರುತ್ತದೆ. ಧಾರಾವಾಹಿಯ ಪುಟಗಳನ್ನು ವಾರವಾರವೂ ಕತ್ತರಿಸಿಟ್ಟು, ಕಥೆ ಮುಗಿದ ಮೇಲೆ ಹೊಲಿದು, ರಟ್ಟು ಹಾಕಿಸಿ, ಕಾದಂಬರಿಯಾಗಿ ಕಾಪಾಡಿಕೊಂಡ ಮನೆಗಳೂ ಉಂಟು.

ಇದನ್ನು ಕಳವೆಂದು ಯಾರೂ ಕರೆಯಲಿಲ್ಲ, ಕಾನೂನೂ ಕರೆಯಲಿಲ್ಲ. ಹಣ ಕೊಟ್ಟು ಕೊಂಡ ಪ್ರತಿಯು ಕೊಂಡವರ ಸೊತ್ತು. ಅದನ್ನು ಅವರು ನೆರೆಯವರಿಗೆ ಕೊಡಬಹುದು, ಹೊಲಿದಿಡಬಹುದು, ಹಳೆಯ ಕಾಗದದ ಅಂಗಡಿಗೆ ತೂಕಕ್ಕೆ ಹಾಕಬಹುದು. ಆದರೆ ಆ ಪ್ರತಿಯನ್ನು ನೋಡಿ ಇನ್ನೊಂದು ಪ್ರತಿಯನ್ನು ಮಾಡುವ ಹಕ್ಕು ಬೇರೆ. ಅದು ಪ್ರತಿಯೊಡನೆ ಮಾರಾಟವಾಗುವುದಿಲ್ಲ. ಬರೆದವರಲ್ಲಿ ಅಥವಾ ಪ್ರಕಟಿಸಿದವರಲ್ಲಿ ಉಳಿಯುತ್ತದೆ. ಹಿಂದಿನವರು ಗ್ರಂಥಸ್ವಾಮ್ಯವೆಂದೂ ಇಂದಿನವರು ಕೃತಿಸ್ವಾಮ್ಯವೆಂದೂ ಕರೆಯುವುದು ಈ ಹಕ್ಕನ್ನೇ.

ಕಾಗದದ ಕಾಲದಲ್ಲಿ ಈ ಭೇದವನ್ನು ಮನೆಮಂದಿ ವಿಚಾರಿಸಬೇಕಾದ ಸಂದರ್ಭವೇ ಬರುತ್ತಿರಲಿಲ್ಲ. ಇಡೀ ಪತ್ರಿಕೆಯನ್ನು ನಕಲು ಮಾಡಲು ಮುದ್ರಣಾಲಯ ಬೇಕು. ಅದು ವಠಾರದಲ್ಲಿ ಯಾರ ಬಳಿಯೂ ಇರಲಿಲ್ಲ. ಈಗ ಪ್ರತಿಯೊಬ್ಬರ ಅಂಗೈಯಲ್ಲಿಯೂ ಒಂದು ಮುದ್ರಣಾಲಯವಿದೆ. ಇಪ್ಪತ್ತು ಪುಟಗಳ ಪತ್ರಿಕೆಯೊಂದು ಪಿ.ಡಿ.ಎಫ್. ರೂಪದಲ್ಲಿ ಮೊಬೈಲಿಗೆ ಬರುತ್ತದೆ. ಬೆರಳು ಒಮ್ಮೆ ಸೋಕಿದರೆ ಅದು ಬಂಧುಗಳ ವಾಟ್ಸಾಪ್ ಗುಂಪಿಗೆ, ಅಲ್ಲಿಂದ ನಿವೃತ್ತರ ಗುಂಪಿಗೆ, ಅಲ್ಲಿಂದ ಯೋಗಾಭ್ಯಾಸದವರ ಗುಂಪಿಗೆ ಹೋಗುತ್ತದೆ. ನೆರೆಮನೆಗೆ ಹೋದ ಪತ್ರಿಕೆ ಈ ಮನೆಯಲ್ಲಿ ಇರುತ್ತಿರಲಿಲ್ಲ. ಮೊಬೈಲಿನಿಂದ ಹೋದದ್ದು ಕಳುಹಿಸಿದವರಲ್ಲಿಯೂ ಉಳಿಯುತ್ತದೆ, ಪಡೆದ ಇನ್ನೂರು ಮಂದಿಯಲ್ಲಿಯೂ ಉಳಿಯುತ್ತದೆ. ಕಳುಹಿಸಿದವರ ಭಾವನೆಯಲ್ಲಿ ಇದು ಹಳೆಯ ಎರವಲೇ. ಕಾನೂನಿನ ಕಣ್ಣಿಗೆ ಇನ್ನೂರು ಪ್ರತಿಗಳ ಹೊಸ ಮುದ್ರಣ.

ಈ ಭೇದವು ಮನೆಮನೆಯ ವಿಷಯವಾದುದು 2020ರಲ್ಲಿ. ಕೊರೋನಾ ಪಿಡುಗಿನ ನಿಮಿತ್ತ ಆ ವರ್ಷದ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿಕೊಂಡಿತು. ಕಾಗದವನ್ನು ಮುಟ್ಟಿದರೆ ಸೋಂಕು ತಗುಲೀತೆಂಬ ಭಯ ಎಲ್ಲೆಡೆ ಹಬ್ಬಿತ್ತು. ಪತ್ರಿಕೆ ಹಾಕುವ ಹುಡುಗರನ್ನು ಅನೇಕ ವಸತಿ ಸಮುಚ್ಚಯಗಳು ಒಳಗೆ ಬಿಡಲಿಲ್ಲ. ಮುಂಬಯಿಯಲ್ಲಿ ಪತ್ರಿಕೆಗಳ ವಿತರಣೆಯೇ ಕೆಲವು ದಿನ ನಿಂತುಹೋಯಿತು. ಜನರಿಗೆ ಸುದ್ದಿ ಎಂದಿಗಿಂತ ಹೆಚ್ಚು ಬೇಕಾಗಿದ್ದ ದಿನಗಳಲ್ಲಿಯೇ ಪತ್ರಿಕೆ ಬಾಗಿಲಿಗೆ ಬರುವುದು ನಿಂತಿತ್ತು. ಆಗ ಯಾರೋ ಪುಣ್ಯಾತ್ಮರು ಪತ್ರಿಕೆಯ ವಿದ್ಯುನ್ಮಾನ ಪ್ರತಿಯನ್ನು ಇಳಿಸಿಕೊಂಡು ಹಂಚತೊಡಗಿದರು. ಪಡೆದವರು ಅವರಿಗೆ ಕೈ ಮುಗಿದರೇ ಹೊರತು ಇದು ಎಲ್ಲಿಂದ ಬಂತೆಂದು ಕೇಳಲಿಲ್ಲ.

ಕೇಳಿದವರು ಪತ್ರಿಕೆಯ ಒಡೆಯರು. ಹಿಂದಿಯ ಪ್ರಸಿದ್ಧ ಪತ್ರಿಕೆಯಾದ ‘ದೈನಿಕ್ ಜಾಗರಣ್’ ಅನ್ನು ಪ್ರಕಟಿಸುವ ಜಾಗರಣ್ ಪ್ರಕಾಶನ ಸಂಸ್ಥೆಯು ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಟೆಲಿಗ್ರಾಂ ಎಂಬ ಸಂದೇಶವಾಹಕದಲ್ಲಿ ಕೆಲವು ಚಾನೆಲ್‌ಗಳು ದಿನದಿನವೂ ತನ್ನ ಪತ್ರಿಕೆಯ ಪೂರ್ಣ ಪ್ರತಿಯನ್ನು ಹಂಚುತ್ತಿವೆ, ಚಂದಾದಾರರಿಗೆ ಮಾತ್ರ ಮೀಸಲಾದ ಹಳೆಯ ಸಂಚಿಕೆಗಳನ್ನೂ ಪುಕ್ಕಟೆಯಾಗಿ ಒದಗಿಸುತ್ತಿವೆ ಎಂಬುದು ಅದರ ದೂರು. ವಾಟ್ಸಾಪ್ ಗುಂಪಿಗೆ ಅಂದು 256 ಮಂದಿಯ ಮಿತಿಯಿತ್ತು. ಟೆಲಿಗ್ರಾಂ ಚಾನೆಲ್‌ಗೆ ಮಿತಿಯೇ ಇಲ್ಲ. ಹಂಚುವವರ ಹೆಸರೂ ಹೊರಗೆ ಕಾಣಿಸದು. 2020ರ ಮೇ 29ರಂದು ನ್ಯಾಯಾಲಯವು ಮಧ್ಯಂತರ ಆಜ್ಞೆಯನ್ನಿತ್ತಿತು: ಆ ಚಾನೆಲ್‌ಗಳನ್ನು ನಡೆಸುವವರ ವಿವರವನ್ನು ಟೆಲಿಗ್ರಾಂ ಬಹಿರಂಗಪಡಿಸಬೇಕು, 48 ಗಂಟೆಗಳೊಳಗೆ ಅವನ್ನು ಮುಚ್ಚಬೇಕು. ಎರಡು ವರ್ಷಗಳ ತರುವಾಯ, 2022ರ ಆಗಸ್ಟಿನಲ್ಲಿ, ಸ್ಪರ್ಧಾ ಪರೀಕ್ಷೆಗಳ ಪಾಠಗಳನ್ನು ಹೀಗೆಯೇ ಹಂಚಿದ ಮತ್ತೊಂದು ಪ್ರಕರಣದಲ್ಲಿಯೂ ಅದೇ ನ್ಯಾಯಾಲಯವು ಹಂಚಿದವರ ಗುರುತನ್ನು ತಿಳಿಸುವಂತೆ ಆಜ್ಞಾಪಿಸಿತು. ತನ್ನ ಯಂತ್ರಾಗಾರವಿರುವುದು ಸಿಂಗಪುರದಲ್ಲಿ, ಅಲ್ಲಿನ ಕಾನೂನು ಗೋಪ್ಯವನ್ನು ಕಾಪಾಡೆನ್ನುತ್ತದೆ ಎಂಬ ಟೆಲಿಗ್ರಾಂನ ವಾದ ನಿಲ್ಲಲಿಲ್ಲ. ಮುಸುಕು ಹಾಕಿಕೊಂಡು ದಾನ ಮಾಡುವವರ ಮುಸುಕನ್ನು ಸರಿಸಬಹುದೆಂಬುದು ಇವುಗಳಿಂದ ಸ್ಪಷ್ಟವಾಯಿತು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಸುದ್ದಿಯೆಂಬುದು ಯಾರಪ್ಪನ ಮನೆಯ ಆಸ್ತಿ? ಊರಿನಲ್ಲಿ ನಡೆದದ್ದನ್ನು ಊರಿನವರು ತಿಳಿಯುವುದಕ್ಕೆ ಅಪ್ಪಣೆ ಬೇಕೆ? ವಿದ್ಯೆಯು ಕೊಟ್ಟಷ್ಟೂ ಬೆಳೆಯುವುದೆಂದು ಹಿರಿಯರು ಹೇಳಲಿಲ್ಲವೆ?

ಆಕ್ಷೇಪ ನ್ಯಾಯವಾದದ್ದೇ, ಅದರ ಅರ್ಧವನ್ನು ಕಾನೂನೂ ಒಪ್ಪುತ್ತದೆ. ಕೃತಿಸ್ವಾಮ್ಯದ ಬಗೆಗೆ 1886ರಲ್ಲಿ ರಾಷ್ಟ್ರಗಳು ಮಾಡಿಕೊಂಡ, ಭಾರತವೂ ಸೇರಿರುವ ಬರ್ನ್ ಒಪ್ಪಂದವು, ದಿನದ ಸುದ್ದಿಗೂ ಬರಿಯ ಸಂಗತಿಗಳಿಗೂ ತನ್ನ ರಕ್ಷಣೆ ಸಲ್ಲದೆಂದು ಬಾಯಿ ಬಿಟ್ಟು ಹೇಳುತ್ತದೆ. ಕನ್ನಂಬಾಡಿ ಕಟ್ಟೆ ತುಂಬಿತೆಂಬ ಸಂಗತಿಗೆ ಒಡೆಯರಿಲ್ಲ. ಅದನ್ನು ಪತ್ರಿಕೆಯಲ್ಲಿ ಓದಿದವರು ಬಸ್ಸಿನಲ್ಲಿ ಹೇಳಬಹುದು, ದೂರದ ಮಗನಿಗೆ ಬರೆಯಬಹುದು, ಗುಂಪುಗಳಲ್ಲಿ ಸಾರಬಹುದು. ಆದರೆ ಬಾತ್ಮೀದಾರರೊಬ್ಬರು ಕಟ್ಟೆಯ ಮೇಲೆ ನಿಂತು, ಇಂಜಿನಿಯರರನ್ನು ಪ್ರಶ್ನಿಸಿ, ನಾಲೆಯ ಗುಂಟ ನಡೆದು, ಕಟ್ಟೆ ತುಂಬಿದರೂ ಕೊನೆಯ ಹಳ್ಳಿಯ ಗದ್ದೆಗೆ ನೀರು ಏಕೆ ಹರಿಯಲಿಲ್ಲವೆಂಬುದನ್ನು ನಾಲ್ಕು ಅಂಕಣಗಳಲ್ಲಿ ಬರೆದರೆ, ಆ ಬರಹಕ್ಕೆ ಒಡೆಯರುಂಟು. ಕಟ್ಟೆ ತುಂಬಿದ್ದು ಮಳೆಯ ದೆಸೆಯಿಂದ; ಲೇಖನ ಹುಟ್ಟಿದ್ದು ಒಬ್ಬರ ದುಡಿಮೆಯಿಂದ. ಸಂಗತಿ ಎಲ್ಲರದು, ಅದನ್ನು ನಿರೂಪಿಸಿದ ವಾಕ್ಯಗಳು ಬರೆದವರವು ಎಂಬ ಈ ಗೆರೆಯೇ ಇಡೀ ವಿಚಾರದ ಬೆನ್ನೆಲುಬು.

ಈ ಗೆರೆ ಒಂದೇ ದಿನದಲ್ಲಿ ಮೂಡಲಿಲ್ಲ. ಹಿಂದಿನ ಕಾಲದಲ್ಲಿ ಪತ್ರಿಕೆಗಳೇ ಒಂದರಿಂದೊಂದು ಧಾರಾಳವಾಗಿ ನಕಲು ಮಾಡಿಕೊಳ್ಳುತ್ತಿದ್ದವು. ಅಮೆರಿಕದಲ್ಲಿ 1792ರ ಅಂಚೆ ಕಾನೂನು ಪತ್ರಿಕೆಯವರು ತಮ್ಮ ಪತ್ರಿಕೆಗಳನ್ನು ಪರಸ್ಪರ ಅಂಚೆವೆಚ್ಚವಿಲ್ಲದೆ ಕಳುಹಿಸಿಕೊಳ್ಳುವುದಕ್ಕೆ ಅವಕಾಶವಿತ್ತಿತು. ದೂರದೂರದ ಊರಿನ ಸಂಪಾದಕರು ಹೀಗೆ ಬಂದ ಪತ್ರಿಕೆಗಳಿಂದ ಕತ್ತರಿಸಿ ತಮ್ಮ ಪುಟಗಳನ್ನು ತುಂಬಿಸುತ್ತಿದ್ದರು. ಒಬ್ಬರದನ್ನು ಇನ್ನೊಬ್ಬರು ತೆಗೆದುಕೊಳ್ಳುತ್ತಿದ್ದುದರಿಂದ ಲೆಕ್ಕ ಸರಿಹೋಗುತ್ತಿತ್ತು, ಯಾರಿಗೂ ನಷ್ಟವೆನಿಸುತ್ತಿರಲಿಲ್ಲ.

ಇಂಗ್ಲೆಂಡಿನಲ್ಲಿ 1892ರಲ್ಲಿ ಇದೇ ವಾಡಿಕೆ ನ್ಯಾಯಾಲಯದ ಮೆಟ್ಟಿಲೇರಿತು. ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಬಂದಿದ್ದ ರಡ್ಯಾರ್ಡ್ ಕಿಪ್ಲಿಂಗರ ಲೇಖನದ ಭಾಗಗಳನ್ನೂ ಹಲವು ಸುದ್ದಿಗಳನ್ನೂ ‘ಸೇಂಟ್ ಜೇಮ್ಸಸ್ ಗೆಜೆಟ್’ ಎಂಬ ಸಂಜೆಯ ಪತ್ರಿಕೆ ಎತ್ತಿಕೊಂಡಿತ್ತು. ಇದು ಪತ್ರಿಕೆಗಳಲ್ಲಿ ನಡೆದುಬಂದ ವಾಡಿಕೆ ಎಂದು ಅದು ವಾದಿಸಿತು. ತಪ್ಪು ಹಳೆಯದಾದ ಮಾತ್ರಕ್ಕೆ ಹಕ್ಕಾಗದೆಂಬ ಅಭಿಪ್ರಾಯಕ್ಕೆ ನ್ಯಾಯಾಲಯ ಬಂದಿತು: ಸುದ್ದಿಗೆ ಸ್ವಾಮ್ಯವಿಲ್ಲ, ಸುದ್ದಿಯನ್ನು ಹೇಳಿದ ರೀತಿಗೆ ಸ್ವಾಮ್ಯವುಂಟು.

ಇದಕ್ಕಿಂತ ಸ್ವಾರಸ್ಯವಾದುದು ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ 1918ರಲ್ಲಿ ತೀರ್ಮಾನವಾದ ಮೊಕದ್ದಮೆ. ವಾದಿ ಅಸೋಸಿಯೇಟೆಡ್ ಪ್ರೆಸ್. ಸುಮಾರು 950 ದಿನಪತ್ರಿಕೆಗಳು ಕೂಡಿ ನಡೆಸುತ್ತಿದ್ದ, ವರ್ಷಕ್ಕೆ 35 ಲಕ್ಷ ಡಾಲರುಗಳಷ್ಟು ವೆಚ್ಚ ಮಾಡುತ್ತಿದ್ದ ವಾರ್ತಾಸಂಸ್ಥೆ. ಪ್ರತಿವಾದಿ ಇಂಟರ್‌ನ್ಯಾಷನಲ್ ನ್ಯೂಸ್ ಸರ್ವಿಸ್; ಪತ್ರಿಕಾ ಸಾಮ್ರಾಟರೆನಿಸಿದ ವಿಲಿಯಂ ರಾಂಡಾಲ್ಫ್ ಹರ್ಸ್ಟರ ಸಂಸ್ಥೆ. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, ಹರ್ಸ್ಟರ ಪತ್ರಿಕೆಗಳ ಬರವಣಿಗೆಯಿಂದ ಅಸಮಾಧಾನಗೊಂಡ ಬ್ರಿಟಿಷ್ ಸರಕಾರವು 1916ರಲ್ಲಿ ಅವರ ವಾರ್ತಾಸಂಸ್ಥೆಗೆ ತನ್ನ ತಂತಿಗಳನ್ನು ಬಂದು ಮಾಡಿತು. ಫ್ರಾನ್ಸೂ ಹಾಗೆಯೇ ಮಾಡಿತು. ಯುದ್ಧದ ಸುದ್ದಿಯಿಲ್ಲದೆ ಪತ್ರಿಕೆ ನಡೆಯುವುದು ಹೇಗೆ? ಹರ್ಸ್ಟರ ಜನ ನ್ಯೂಯಾರ್ಕಿನಲ್ಲಿ ಎದುರಾಳಿಯ ಸುದ್ದಿಯನ್ನು ಕಚೇರಿಯ ಫಲಕಗಳಿಂದಲೂ ಮುಂಜಾವಿನ ಪತ್ರಿಕೆಗಳಿಂದಲೂ ಓದಿಕೊಂಡು, ಕೆಲವೊಮ್ಮೆ ಮಾತು ಬದಲಿಸಿ, ಪಶ್ಚಿಮ ತೀರಕ್ಕೆ ತಂತಿ ಕಳುಹಿಸುತ್ತಿದ್ದರು. ನ್ಯೂಯಾರ್ಕಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಮೂರು ಗಂಟೆಗಳ ಅಂತರ. ಅಲ್ಲಿ ಬೆಳಗಾಗುವಷ್ಟರಲ್ಲಿ ಸುದ್ದಿ ಅಚ್ಚಾಗಿರುತ್ತಿತ್ತು. ಸಮುದ್ರದಾಚೆ ಗುಂಡಿನ ಸದ್ದಿನ ನಡುವೆ ಸುದ್ದಿ ಹೆಕ್ಕಿದವರು ಒಬ್ಬರು, ಮಾರಿಕೊಂಡವರು ಮತ್ತೊಬ್ಬರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಪಿಟ್ನಿಯವರು ಎರಡು ಮಾತುಗಳನ್ನು ಬೇರ್ಪಡಿಸಿದರು. ಸಂಗತಿಗೆ ಕೃತಿಸ್ವಾಮ್ಯವಿಲ್ಲ, ಓದುಗರು ಅದನ್ನು ಯಾರಿಗೆ ಬೇಕಾದರೂ ಹೇಳಬಹುದು. ಆದರೆ ವ್ಯಾಪಾರದ ಎದುರಾಳಿಯು ಸುದ್ದಿಯ ಬಿಸಿ ಆರುವ ಮುನ್ನವೇ ಅದನ್ನು ಎತ್ತಿಕೊಂಡು ಮಾರುವುದು ಅನ್ಯಾಯದ ಸ್ಪರ್ಧೆ. ನ್ಯಾಯಮೂರ್ತಿ ಬ್ರಾಂಡೈಸರು ಭಿನ್ನಮತವನ್ನು ಬರೆದರು. ಒಮ್ಮೆ ಜಗತ್ತಿಗೆ ತಿಳಿಸಿದ ಸಂಗತಿಯು ಗಾಳಿಯಂತೆ ಎಲ್ಲರದಾಗುವುದು, ಅದಕ್ಕೆ ಹೊಸ ಬೇಲಿ ಹಾಕಬೇಕಾದರೆ ಅದು ಶಾಸನಸಭೆಯ ಕೆಲಸ, ನ್ಯಾಯಾಧೀಶರದಲ್ಲ ಎಂಬುದು ಅವರ ನಿಲುವು. ನ್ಯಾಯಮೂರ್ತಿ ಹೋಮ್ಸರದು ಮಧ್ಯಮಮಾರ್ಗ: ಸುದ್ದಿ ಎಲ್ಲಿಂದ ಬಂತೆಂಬುದನ್ನು ಹೇಳದೆ ಮಾರುವುದೇ ಇಲ್ಲಿನ ಮೋಸ, ಆದ್ದರಿಂದ ಮೂಲದವರ ಹೆಸರನ್ನು ಹೇಳತಕ್ಕದ್ದು. ನೂರು ವರ್ಷಗಳು ಕಳೆದರೂ ಮನೆಯ ಜಗಲಿಯ ಮೇಲೆ ನಡೆಯುವ ವಾದದಲ್ಲಿ ಈ ಮೂವರ ದನಿಗಳೇ ಕೇಳಿಬರುತ್ತವೆ ಎಂಬುದು ಗಮನಾರ್ಹ.

ಭಾರತದ ಕಾನೂನು ಏನೆನ್ನುತ್ತದೆ? 1957ರ ಕೃತಿಸ್ವಾಮ್ಯ ಅಧಿನಿಯಮವು 1958ರ ಜನವರಿ 21ರಿಂದ ಜಾರಿಯಲ್ಲಿದೆ. ಸ್ವಂತ ಶ್ರಮದಿಂದ ಹುಟ್ಟಿದ ಲೇಖನವೂ ಅದರ ಪ್ರಕಾರ ಸಾಹಿತ್ಯ ಕೃತಿಯೇ. ಪತ್ರಿಕೆಯ ನೌಕರಿಯಲ್ಲಿರುವವರು ಬರೆದ ಲೇಖನವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಪತ್ರಿಕೆಯ ಒಡೆಯರದು. ಪುಸ್ತಕವಾಗಿ ತರುವುದೇ ಮೊದಲಾದ ಉಳಿದ ಹಕ್ಕುಗಳು ಬರೆದವರವು. ಹೊರಗಿನಿಂದ ಕಥೆ, ಧಾರಾವಾಹಿ ಬರೆಯುವವರ ಹಕ್ಕು, ಅವರಾಗಿ ಬರೆದುಕೊಡದಿದ್ದರೆ, ಅವರಲ್ಲಿಯೇ ಇರುತ್ತದೆ. ಆದುದರಿಂದ ವಾರಪತ್ರಿಕೆಯ ಪುಟಗಳನ್ನು ಚಿತ್ರ ತೆಗೆದು ಗುಂಪಿಗೆ ಹಾಕುವವರು ಒಡೆಯರ ಪಾಲನ್ನಷ್ಟೇ ಅಲ್ಲ, ಮುಂದೆ ಆ ಕಥೆ ಪುಸ್ತಕವಾದಾಗ ಲೇಖಕಿಗೆ ಬರಬೇಕಾದ ನಾಲ್ಕು ಕಾಸನ್ನೂ ಕಳೆಯುತ್ತಾರೆ.

ಈ ಕಾನೂನು ಓದುಗರ ಕೈಯನ್ನು ಕಟ್ಟಿಹಾಕಿಲ್ಲವೆಂಬುದನ್ನೂ ಹೇಳಬೇಕು. ಅದರ 52ನೆಯ ಪ್ರಕರಣವು ನ್ಯಾಯೋಚಿತ ಬಳಕೆಗೆ ಬಾಗಿಲು ತೆರೆದಿದೆ. ಸ್ವಂತ ಓದಿಗಾಗಿ, ಸಂಶೋಧನೆಗಾಗಿ, ವಿಮರ್ಶೆಗಾಗಿ, ಪ್ರಚಲಿತ ಘಟನೆಗಳನ್ನು ವರದಿ ಮಾಡುವುದಕ್ಕಾಗಿ ಉಚಿತವಾದಷ್ಟನ್ನು ಬಳಸಿಕೊಳ್ಳಬಹುದು. ಪ್ರಚಲಿತವಾದ ಆರ್ಥಿಕ, ರಾಜಕೀಯ, ಸಾಮಾಜಿಕ ಅಥವಾ ಧಾರ್ಮಿಕ ವಿಷಯದ ಲೇಖನವನ್ನು, ಬರೆದವರು ಆ ಹಕ್ಕನ್ನು ಸ್ಪಷ್ಟವಾಗಿ ಕಾದಿರಿಸಿಕೊಂಡಿರದಿದ್ದರೆ, ಇನ್ನೊಂದು ಪತ್ರಿಕೆ ಮರುಮುದ್ರಿಸಲೂ ಬಹುದು. ಆದರೆ ಸ್ವಂತ ಓದೆಂದರೆ ಸ್ವಂತ ಓದು. ಅಡಿಗೆಯ ಲೇಖನವೊಂದನ್ನು ಕತ್ತರಿಸಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಕೊಳ್ಳುವುದು ಸ್ವಂತದ ಬಳಕೆ. ಇಡೀ ಪತ್ರಿಕೆಯನ್ನು ಇನ್ನೂರು ಜನಕ್ಕೆ ದಿನವೂ ಹಂಚುವುದಕ್ಕೆ ಆ ಹೆಸರು ಒಪ್ಪದು.

ಶಿಕ್ಷೆಯ ಮಾತಿಗೆ ಬಂದರೆ, 63ನೆಯ ಪ್ರಕರಣವು ತಿಳಿದೂ ತಿಳಿದೂ ಸ್ವಾಮ್ಯವನ್ನು ಉಲ್ಲಂಘಿಸಿದವರಿಗೆ 6 ತಿಂಗಳಿನಿಂದ 3 ವರ್ಷಗಳವರೆಗೆ ಸೆರೆಮನೆಯನ್ನೂ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡವನ್ನೂ ವಿಧಿಸುತ್ತದೆ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ, ಕಾರಣವನ್ನು ಬರೆದು, ಶಿಕ್ಷೆಯನ್ನು ತಗ್ಗಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ವಿದ್ಯುನ್ಮಾನ ಬೀಗವನ್ನು ಮುರಿಯುವುದನ್ನೂ 2012ರ ತಿದ್ದುಪಡಿಯು ಅಪರಾಧವೆಂದಿದೆ. ಗುಂಪಿನ ಮೇಲ್ವಿಚಾರಕರು ಮಾತ್ರ ಒಂದು ವಿಷಯದಲ್ಲಿ ಸಮಾಧಾನ ತಾಳಬಹುದು: ಗುಂಪಿನಲ್ಲಿ ಬೇರೊಬ್ಬರು ಹಾಕಿದ್ದಕ್ಕೆ ಮೇಲ್ವಿಚಾರಕರೆಂಬ ಕಾರಣದಿಂದಲೇ ಹೊಣೆಯಾಗುವುದಿಲ್ಲವೆಂಬ ತತ್ತ್ವವನ್ನು, ಕೃತಿಸ್ವಾಮ್ಯದ್ದಲ್ಲದ ಮೊಕದ್ದಮೆಗಳಲ್ಲಿ, ಮುಂಬಯಿಯ ಉಚ್ಚ ನ್ಯಾಯಾಲಯ 2021ರಲ್ಲಿಯೂ ಕೇರಳದ ಉಚ್ಚ ನ್ಯಾಯಾಲಯ 2022ರಲ್ಲಿಯೂ ಎತ್ತಿಹಿಡಿದಿವೆ. ತಾವೇ ಹಾಕಿದವರಿಗೆ ಈ ನೆರಳು ದೊರೆಯದು.

ಆದರೆ ಪೋಲೀಸರ ಭಯದಿಂದ ನಡೆಯಬೇಕಾದ ವಿಷಯ ಇದಲ್ಲ. ಸಂದೇಶ ಮುಂದೂಡಿದ ಮುತ್ತಜ್ಜನನ್ನು ಸೆರೆಮನೆಗೆ ಕಳುಹಿಸಬೇಕೆಂದು ಯಾವ ಪತ್ರಿಕೆಯೂ ಬಯಸದು. ಯೋಚಿಸಬೇಕಾದ ಪ್ರಶ್ನೆ ಬೇರೆ: ನಾಳೆಯ ಸುದ್ದಿಯನ್ನು ತರುವವರು ಯಾರು?

ದಿನಪತ್ರಿಕೆಯ ಒಂದು ಪ್ರತಿಗೆ ಓದುಗರು ಕೊಡುವ ಬೆಲೆಯಲ್ಲಿ ಅದರ ಕಾಗದ, ಮಸಿ, ಸಾಗಣೆಗಳ ವೆಚ್ಚ ಹುಟ್ಟುವುದೇ ಕಷ್ಟ. ಉಳಿದುದನ್ನು ಜಾಹೀರಾತುಗಳು ತುಂಬಿಕೊಡುತ್ತಿದ್ದವು; ವಧೂವರರು ಬೇಕಾಗಿದ್ದಾರೆ ಎಂಬುದರಿಂದ ಹಿಡಿದು ಸೀರೆಯ ಅಂಗಡಿಯ ರಿಯಾಯಿತಿಯವರೆಗೆ ಎಲ್ಲವೂ ಪತ್ರಿಕೆಯ ಮೂಲಕವೇ ಮನೆಗೆ ಬರುತ್ತಿದ್ದ ಕಾಲವದು. ಆ ಜಾಹೀರಾತುಗಳಲ್ಲಿ ದೊಡ್ಡ ಪಾಲು ಅಂತರಜಾಲದ ಮಹಾಸಂಸ್ಥೆಗಳ ಕಡೆಗೆ ಹರಿದುಹೋಯಿತು. ಪತ್ರಿಕೆಗಳು ಅಂತರಜಾಲದಲ್ಲಿ ತಮ್ಮ ಸುತ್ತ ಚಂದಾ ಗೋಡೆಯನ್ನು ಕಟ್ಟಿಕೊಂಡದ್ದು, ಪೇವಾಲ್ ಎಂದು ಹೇಳುವುದು ಇದನ್ನೇ, ಈ ಸಂಕಟದಿಂದ. ನ್ಯೂಯಾರ್ಕಿನ ‘ಟೈಮ್ಸ್’ 2011ರ ಮಾರ್ಚಿನಲ್ಲಿ ತಿಂಗಳಿಗೆ 20 ಲೇಖನಗಳನ್ನು ಮಾತ್ರ ಪುಕ್ಕಟೆಯಾಗಿ ಕೊಟ್ಟು, ಮುಂದಿನದಕ್ಕೆ ಹಣ ಕೇಳತೊಡಗಿದಾಗ ನಕ್ಕವರು ಬಹಳ ಮಂದಿ. 2023ರಲ್ಲಿ ಅದರ ಚಂದಾದಾರರ ಸಂಖ್ಯೆ 1 ಕೋಟಿಯನ್ನು ದಾಟಿತು.

ಆದರೆ ಜಗತ್ತೆಲ್ಲ ಓದುವ ಇಂಗ್ಲಿಷಿನ ಪತ್ರಿಕೆಗೆ ಒದಗಿದ ಭಾಗ್ಯ ಒಂದು ಜಿಲ್ಲೆಯ ಕನ್ನಡ ಪತ್ರಿಕೆಗೆ ಒದಗುವುದೆ? ಪುರಸಭೆಯ ಸಭೆಗೆ ಹೋಗಿ ಕುಳಿತು, ಯಾವ ರಸ್ತೆಯ ಟೆಂಡರು ಯಾರ ಪಾಲಾಯಿತೆಂದು ಬರೆದುಕೊಳ್ಳುವ ಬಾತ್ಮೀದಾರರು ಹೊಟ್ಟೆ ತುಂಬ ಸಂಬಳ ಪಡೆಯುವವರೇನಲ್ಲ. ಪತ್ರಿಕೆ ಕೃಶವಾದಾಗ ಮೊದಲು ಕಡಿತವಾಗುವುದು ಅವರ ಸ್ಥಾನ. ಆ ಕುರ್ಚಿ ಬರಿದಾದ ಮರುದಿನ ಆಕಾಶವೇನೂ ಕಳಚಿ ಬೀಳುವುದಿಲ್ಲ. ಸಭೆ ನಡೆಯುತ್ತದೆ, ಟೆಂಡರೂ ನಡೆಯುತ್ತದೆ, ಊರಿಗೆ ಮಾತ್ರ ತಿಳಿಯುವುದಿಲ್ಲ. ಕೃತಿಸ್ವಾಮ್ಯದ ಉಲ್ಲಂಘನೆಯಿಂದ ಆಗುವ ನಷ್ಟವನ್ನು ಒಡೆಯರ ಲೆಕ್ಕದ ಪುಸ್ತಕದಲ್ಲಿ ಮಾತ್ರ ಹುಡುಕುವವರಿಗೆ ಈ ಬರಿಯ ಕುರ್ಚಿ ಕಾಣಿಸದು. ಮುಂದೂಡುವವರಿಗೆ ಖರ್ಚಿಲ್ಲ, ಓದುವವರಿಗೆ ಖರ್ಚಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಜಾತ್ರೆಗೆ ದುಡ್ಡು ಕೊಡುತ್ತಿದ್ದವರು ಕೈ ಖಾಲಿ ಮಾಡಿಕೊಂಡ ಮೇಲೆ ತೇರನ್ನು ಎಳೆಯುವವರಾರು?

ಹಾಗೆಂದು ಪತ್ರಿಕೆಯ ಒಡೆಯರ ಪಕ್ಷವೇ ಪೂರ್ಣ ನ್ಯಾಯವೆಂದೂ ಹೇಳಲಾಗದು. ಸುಳ್ಳಿಗೆ ಚಂದಾ ಗೋಡೆಯಿಲ್ಲ. ಅದು ಮನೆಮನೆಗೂ ಪುಕ್ಕಟೆಯಾಗಿ, ಕರೆಯದೆ ಬರುತ್ತದೆ. ಪರಿಶೀಲಿಸಿ ಬರೆದ ಸತ್ಯ ಮಾತ್ರ ಹಣ ಕೊಟ್ಟವರ ಸೊತ್ತಾಗಿ ಗೋಡೆಯ ಹಿಂದೆ ಕುಳಿತರೆ, ಬಡವರ ಪಾಲಿಗೆ ವದಂತಿಯಷ್ಟೇ ಉಳಿದೀತು. ಈ ಅಪಾಯವನ್ನು ಪತ್ರಿಕೆಗಳೂ ಬಲ್ಲವು. 2020ರ ಮಾರ್ಚಿನಲ್ಲಿ ಅಮೆರಿಕದ ಹಲವು ದೊಡ್ಡ ಪತ್ರಿಕೆಗಳು ಕೊರೋನಾ ಕುರಿತ ಮುಖ್ಯ ಸುದ್ದಿಗಳ ಮುಂದಿನ ಗೋಡೆಯನ್ನು ತಾವಾಗಿಯೇ ತೆರವು ಮಾಡಿದುವು. ಪ್ರಾಣಕ್ಕೆ ಸಂಬಂಧಿಸಿದ ಸುದ್ದಿಗೆ ಬೆಲೆ ಕಟ್ಟಬಾರದೆಂಬ ವಿವೇಕ ಅದು. ಇಲ್ಲಿಯೂ ಪ್ರವಾಹ, ರೋಗ, ಚುನಾವಣೆಗಳಂಥ ಸಂದರ್ಭಗಳಲ್ಲಿ ಪತ್ರಿಕೆಗಳು ಇದನ್ನು ಕರ್ತವ್ಯವೆಂದು ಭಾವಿಸುವುದು ಯುಕ್ತ. ಗೋಡೆ ಎಲ್ಲಿರಬೇಕು, ಬಾಗಿಲು ಎಲ್ಲಿರಬೇಕು ಎಂಬುದು ಮನೆ ಕಟ್ಟುವವರಿಗೆ ತಿಳಿದಿರಬೇಕಾದ ಮೊದಲ ಪಾಠ.

ಹೀಗಿರುವಾಗ ಸಾಮಾನ್ಯ ಸಂಸಾರಸ್ಥರು ಮಾಡಬಹುದಾದದ್ದೇನು? ಮೊದಲನೆಯದು, ಹಿಂದಿನವರು ಮಾಡುತ್ತಿದ್ದುದೇ: ಓದಿದ್ದನ್ನು ತಮ್ಮ ಮಾತಿನಲ್ಲಿ ಹೇಳುವುದು. ಲೇಖನದ ಸಾರವನ್ನು ನಾಲ್ಕು ಸಾಲುಗಳಲ್ಲಿ ಬರೆದು, ಯಾವ ಪತ್ರಿಕೆಯಲ್ಲಿ ಯಾರು ಬರೆದದ್ದೆಂದು ಸೂಚಿಸಿದರೆ ಅದು ಯಾವ ಕಾನೂನಿಗೂ ವಿರೋಧವಲ್ಲ. ಹೋಮ್ಸರು ಕೇಳಿದ ಸೌಜನ್ಯವೂ ಸಂದಂತಾಗುತ್ತದೆ. ಜೊತೆಗೆ ಒಂದು ಲಾಭವುಂಟು. ಸಾರವನ್ನು ಬರೆಯಬೇಕಾದರೆ ಲೇಖನವನ್ನು ಓದಬೇಕಾಗುತ್ತದೆ. ಓದದೆಯೇ ಮುಂದೂಡುವ ಚಾಳಿ ತಾನಾಗಿ ತಗ್ಗುತ್ತದೆ.

ಎರಡನೆಯದು, ಲೇಖನದ ಬದಲು ಲೇಖನದ ಕೊಂಡಿಯನ್ನು ಕಳುಹಿಸುವುದು. ಕೊಂಡಿಯು ಓದುಗರನ್ನು ಪತ್ರಿಕೆಯ ಬಾಗಿಲಿಗೆ ಕರೆದೊಯ್ಯುತ್ತದೆ. ನಕಲು ಅವರನ್ನು ಬಾಗಿಲಿನಿಂದ ದೂರ ಮಾಡುತ್ತದೆ. ಸ್ವೀಡನ್ನಿನ ಪತ್ರಕರ್ತರು ತಂದ ಮೊಕದ್ದಮೆಯೊಂದರಲ್ಲಿ ಐರೋಪ್ಯ ನ್ಯಾಯಾಲಯವು 2014ರಲ್ಲಿ ಈ ಭೇದವನ್ನು ವಿಶದಪಡಿಸಿತು: ಎಲ್ಲರಿಗೂ ತೆರೆದಿಟ್ಟ ಲೇಖನಕ್ಕೆ ಕೊಂಡಿ ಕೊಡುವುದು ಉಲ್ಲಂಘನೆಯಲ್ಲ, ಚಂದಾದಾರರಿಗಷ್ಟೇ ಮೀಸಲಾದದ್ದನ್ನು ಆ ತಡೆಯನ್ನು ತಪ್ಪಿಸಿ ಎಲ್ಲರಿಗೂ ತೆರೆಯುವುದು ಬೇರೆ ಮಾತು. ಕೆಲವು ಪತ್ರಿಕೆಗಳು ಚಂದಾದಾರರು ತಿಂಗಳಿಗೆ ಇಂತಿಷ್ಟು ಲೇಖನಗಳನ್ನು ಸ್ನೇಹಿತರಿಗೆ ಉಡುಗೊರೆಯಾಗಿ ಕಳುಹಿಸುವ ಅನುಕೂಲವನ್ನೂ ಕಲ್ಪಿಸಿವೆ. ವಠಾರದ ಎರವಲಿಗೆ ಇದು ಹೊಸ ಕಾಲದ ರೂಪ.

ಮೂರನೆಯದು, ಮರೆತುಹೋದ ಒಂದು ಹಕ್ಕು: ಸಾರ್ವಜನಿಕ ಗ್ರಂಥಾಲಯ. ಕರ್ನಾಟಕದಲ್ಲಿ ಜಾರಿಯಲ್ಲಿರುವ 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರವನ್ನು ಮನೆಯ ಒಡೆಯರೆಲ್ಲರೂ ತೆರುತ್ತಾರೆ. ತೆತ್ತ ಮೇಲೆ ಆ ಮೆಟ್ಟಿಲನ್ನು ಹತ್ತುವವರು ಎಷ್ಟು ಮಂದಿ? ಬೆಂಗಳೂರಿನ ಕಬ್ಬನ್ ಉದ್ಯಾನದ ಕೆಂಪು ಕಟ್ಟಡದಿಂದ ಹಿಡಿದು ಬಡಾವಣೆಯ ಪುಟ್ಟ ವಾಚನಾಲಯದವರೆಗೆ, ಪತ್ರಿಕೆಗಳನ್ನು ಹಣ ಕೊಟ್ಟು ತರಿಸಿ ಎಲ್ಲರಿಗೂ ಪುಕ್ಕಟೆಯಾಗಿ ಓದಿಸುವ ವ್ಯವಸ್ಥೆ ಇರುವುದೇ ಇದಕ್ಕಾಗಿ. ಸ್ಪರ್ಧಾ ಪರೀಕ್ಷೆಗೆ ಓದುವ ತರುಣ ತರುಣಿಯರಿಗೆ ನಾಲ್ಕು ಪತ್ರಿಕೆಗಳು ಬೇಕೆಂಬುದೂ, ನಾಲ್ಕಕ್ಕೂ ಚಂದಾ ಕಟ್ಟುವ ಶಕ್ತಿ ಎಲ್ಲ ಮನೆಗಳಿಗಿಲ್ಲವೆಂಬುದೂ ನಿಜ. ಅವರ ಪರವಾಗಿ ಹೂಡಬೇಕಾದ ವಾದವೆಂದರೆ ಗ್ರಂಥಾಲಯದ ಬಾಗಿಲು ಇನ್ನೂ ಎರಡು ಗಂಟೆ ಹೆಚ್ಚು ತೆರೆದಿರಬೇಕು, ಕಾಗದದ ಪತ್ರಿಕೆಗಳೊಂದಿಗೆ ವಿದ್ಯುನ್ಮಾನ ಪತ್ರಿಕೆಗಳ ಚಂದಾವನ್ನೂ ಅದು ಕಟ್ಟಬೇಕು ಎಂಬುದು. ಹೊರದೇಶಗಳಲ್ಲಿ ಹಲವು ನಗರ ಗ್ರಂಥಾಲಯಗಳು ತಮ್ಮ ಸದಸ್ಯರಿಗೆ ಈ ಸೌಕರ್ಯವನ್ನು ಒದಗಿಸುತ್ತಿವೆ.

ಕೊನೆಯದು, ಕೈಲಾದವರು ಒಂದು ಪತ್ರಿಕೆಗಾದರೂ ಚಂದಾ ಕಟ್ಟುವುದು. ಅದರಲ್ಲಿಯೂ ತಮ್ಮ ಊರಿನ ಸುದ್ದಿಯನ್ನು ತರುವ ಪತ್ರಿಕೆಗೆ. ದೆಹಲಿಯ ಸುದ್ದಿಯನ್ನು ತರಲು ನೂರು ಜನರಿದ್ದಾರೆ. ಊರಿನ ಕೆರೆಯ ಸುದ್ದಿಯನ್ನು ತರುವವರು ಒಬ್ಬರಿದ್ದರೆ ಹೆಚ್ಚು. ಓದಿ ಮುಗಿದ ಆ ಪ್ರತಿಯನ್ನು ನೆರೆಮನೆಗೆ ಧಾರಾಳವಾಗಿ ಕೊಡಲಿ. ಯಾವ ನ್ಯಾಯಾಲಯವೂ ಬೇಡವೆನ್ನದು. ನೆರೆಯವರು ಅದನ್ನು ಮರಳಿಸುವಾಗ ಮುಖಪುಟವನ್ನೂ ಸೇರಿಸಿ ಮರಳಿಸಿದರೆ ಚಂದಾದಾರರಿಗೆ ಬೇರೆ ದೂರಿರಲಾರದು.